ಉಪ್ಪು ನೋಡದ ಮನೋರಮಾ

ಮನೋರಮಾ ಸುಳ್ಳು ಕಲಿತದ್ದು ಐವತ್ತನೆಯ ವಯಸ್ಸಿಗೆ, ಗುರುಗ್ರಾಮದ ಒಂದು ಅಂತರರಾಷ್ಟ್ರೀಯ ಅಡುಗೆ ಶಾಲೆಯಲ್ಲಿ. ಶಾಲೆಯವರ ಪಾಠದಲ್ಲಿ ಅದಿರಲಿಲ್ಲ. ಮನೆಪಾಠ ಹೇಳಿಕೊಟ್ಟವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಒಳ್ಳೆಯ ಗುರು ಸಿಕ್ಕಿದ್ದು ಅವಳ ಪುಣ್ಯ.

ನಾನು ಗಿರಿಜಮ್ಮ. ದೆಹಲಿಯ ಆರ್.ಕೆ. ಪುರಂ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮದು ಕೆಳಗಿನ ಮನೆ, ಅವರದು ನಮ್ಮ ನೆತ್ತಿಯ ಮೇಲಿನ ಮನೆ. ನಮ್ಮವರು ಈಶ್ವರಪ್ಪ, ಅವಳ ಗಂಡ ಕೇಶವಮೂರ್ತಿಗಳು. ಇಬ್ಬರೂ ಬೇರೆ ಬೇರೆ ಮಂತ್ರಾಲಯಗಳಲ್ಲಿ ಫೈಲನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಕಳಿಸುವವರು. ಮಗಳು ಹರಿಣಿ ಕೆಲಸ ಹಿಡಿದು ಪುಣೆಗೆ ಹೋದ ಮೇಲೆ ಮೇಲಿನ ಮನೆಯಲ್ಲಿ ಉಳಿದವರು ಮೂವರು: ಕೇಶವಮೂರ್ತಿಗಳು, ಮನೋರಮಾ ಮತ್ತು ಕೇಶವಮೂರ್ತಿಗಳ ತಾಯಿ ವಿಜಯಮ್ಮ. ಲೆಕ್ಕಕ್ಕೆ ಮೂವರಾದರೂ ಆಳ್ವಿಕೆ ಒಬ್ಬರದೇ. ಅದು ಯಾರದೆಂದು ಕೇಳುವ ಅಗತ್ಯ ಈ ಕ್ವಾರ್ಟರ್ಸಿನಲ್ಲಿ ಯಾರಿಗೂ ಬಿದ್ದಿಲ್ಲ.

ಮನೋರಮಾ ಎಂಥವಳು ಅಂತ ತಿಳಿಯಲು ಒಂದೇ ಸಂಗತಿ ಸಾಕು. ವಿಜಯಮ್ಮನವರಿಗೆ ಯಾರನ್ನಾದರೂ ನೋಡಲು ಮನಸ್ಸಿಲ್ಲದಿದ್ದರೆ “ಮಲಗಿದ್ದಾರೆ ಅಂತ ಹೇಳೇ” ಎಂದು ಸೊಸೆಗೆ ಹೇಳಿ ಒಳಕೋಣೆಗೆ ಹೋಗುವರು. ಸೊಸೆ ಬಾಗಿಲು ತೆರೆದು, “ಅತ್ತೆ ಮಲಗಿದ್ದಾರೆ ಅಂತ ಹೇಳು ಅಂದಿದಾರೆ” ಎನ್ನುವಳು. ಹಾಗೆ ಹೇಳಿಸಿಕೊಂಡು ಮೆಟ್ಟಿಲಿಳಿದು ಬಂದವಳು ನಾನೇ. ಮೂರು ದಿನ ಸಿಟ್ಟಾಗಿದ್ದೆ, ಆಮೇಲೆ ನೆನೆಸಿಕೊಂಡಾಗಲೆಲ್ಲ ನಗು ಬಂದು ಅವಳ ಜೊತೆ ಗೆಳೆತನ ಮಾಡಿದೆ.

ಅವಳಿಗೆ ಅಡುಗೆಯ ಹುಚ್ಚು. ಮನೆಯ ಹುಳಿ, ಸಾರು, ಪಲ್ಯದ್ದಲ್ಲ. ಅದು ದಿನದ ಕೆಲಸ. ಉಬ್ಬಿ ಬರುವ ಬ್ರೆಡ್ಡು, ಪದರ ಪದರವಾಗಿ ಬಿಚ್ಚಿಕೊಳ್ಳುವ ಪೇಸ್ಟ್ರಿ, ಬಟ್ಟಲಲ್ಲಿ ಕನ್ನಡಿಯ ಹಾಗೆ ನಿಲ್ಲುವ ಸೂಪು, ಇಂಥವನ್ನು ಮೊಬೈಲಿನಲ್ಲಿ ನೋಡುತ್ತ ಬಾಯಿ ತೆರೆದುಕೊಂಡು ಕೂರುವಳು. ಒಂದು ದಿನ ಮೆಟ್ರೋದಲ್ಲಿ ಈ ಶಾಲೆಯ ಜಾಹೀರಾತು ನೋಡಿದಳು. ವಯಸ್ಸಿನ ಮಿತಿಯಿಲ್ಲ, ಸಸ್ಯಾಹಾರಿಗಳಿಗೆ ಪ್ರತ್ಯೇಕ ತರಗತಿ ಎಂದಿತ್ತು. ಓದುತ್ತ ನಿಂತವಳು ಇಳಿಯಬೇಕಾದ ಸ್ಟೇಷನ್ ದಾಟಿ ಹೋದಳು.

ಕೇಶವಮೂರ್ತಿಗಳು ಬೇಡವೆನ್ನಲಿಲ್ಲ. “ಹೋಗ್ಲಿ ಬಿಡಮ್ಮ, ಟೈಂಪಾಸ್. ಇನ್ನೊಂದು ವರ್ಷಕ್ಕೆ ನಾನು ರಿಟೈರ್ ಆಗ್ತೀನಿ, ಹಾಸನಕ್ಕೆ ಹೊರಟುಬಿಡ್ತೀವಿ. ಅಲ್ಲಿವರೆಗೂ ಏನೋ ಕಲೀಲಿ” ಎಂದು ತಾಯಿಗೇ ಹೇಳಿದರು. ಹಾಸನದಲ್ಲಿ ಅವರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ವಿಜಯಮ್ಮನವರಿಗೆ ದೆಹಲಿಯ ನೀರು, ಬಿಸಿಲು, ಚಳಿ, ಹೊಗೆ ಒಂದೂ ಆಗದು. ಎಂದು ಹಾಸನಕ್ಕೆ ಹೋದೇನೋ ಎನ್ನುವುದು ಅವರ ನಿತ್ಯದ ಪಲ್ಲವಿ. ‘ಅಮ್ಮ ಎಲ್ಲೋ ನಾವೂ ಅಲ್ಲೇ’ ಎನ್ನುವುದು ಮಗನ ಪಲ್ಲವಿ. ನಡುವೆ ಸೊಸೆಯ ಪಲ್ಲವಿ ಏನೆಂದು ಕೇಳಿದವಳು ನಾನೊಬ್ಬಳೇ.

“ಗಿರಿಜಕ್ಕ, ಸರ್ಟಿಫಿಕೇಟ್ ಬಂದ್ರೆ ಅಲ್ಲೇ ಹೋಟೆಲ್ ಕಿಚನ್‌ನಲ್ಲಿ ಕೆಲಸ ಕೊಡಿಸ್ತಾರಂತೆ. ನಂಗೆ ಹಾಸನಕ್ಕೆ ಹೋಗೋ ಮನಸ್ಸಿಲ್ಲ. ಒಂದು ಸಲನಾದ್ರೂ ಹೊರಗಿನೋರು ನಾನು ಮಾಡಿದ್ದನ್ನ ಕೇಳಿ ತಿನ್ಬೇಕು. ಮನೇಲಿ ಯಾರೂ ಕೇಳಿ ತಿನ್ನಲ್ಲ, ಕೂತು ತಿಂತಾರೆ” ಎಂದಳು. ಇಷ್ಟು ಹೇಳಿ, ಕಳ್ಳತನ ಮಾಡಿದವಳ ಹಾಗೆ ಸೆರಗು ಸರಿಮಾಡಿಕೊಂಡಳು.

ವಿಜಯಮ್ಮ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಅವರ ಅಡುಗೆಮನೆಗೆ ಒಂದು ಕಾನೂನು. ದೇವರಿಗೆ ನೈವೇದ್ಯವಾಗುವವರೆಗೆ ಒಲೆಯ ಮೇಲಿನದನ್ನು ಯಾರೂ ಬಾಯಿಗೆ ಹಾಕುವಂತಿಲ್ಲ. ಮೂಗು ಹತ್ತಿರ ಒಯ್ದು ವಾಸನೆ ಎಳೆಯುವಂತೆಯೂ ಇಲ್ಲ. ಉಪ್ಪು, ಹುಳಿ, ಖಾರ ಎಲ್ಲ ಕೈ ಅಳತೆ. ವಿಜಯಮ್ಮನವರ ಕೈ ಅಳತೆ ದೆಹಲಿ ಕನ್ನಡಿಗರಲ್ಲಿ ಹೆಸರಾದದ್ದು. ಅವರ ಹುಳಿಗೆ ಒಂದು ಹರಳು ಉಪ್ಪು ಹೆಚ್ಚಿತೆಂದು ಯಾರೂ ಹೇಳಿದ್ದಿಲ್ಲ. ಮನೋರಮಾಳ ಕೈ ಮಾತ್ರ ಒಂದು ದಿನ ಸಪ್ಪೆ, ಒಂದು ದಿನ ಸಮುದ್ರ. ಬಂದವರ ಎದುರಿಗೇ ವಿಜಯಮ್ಮ ನಿಟ್ಟುಸಿರು ಬಿಡುವರು: “ಮದುವೆಯಾಗಿ ಇಷ್ಟು ವರ್ಷ ಆಯ್ತು, ನಮ್ಮ ಮನೋರಮಂಗೆ ಇನ್ನೂ ಕೈ ಅಳತೆ ಬಂದಿಲ್ಲ ನೋಡಿ. ಅದು ಕೈಗುಣ, ಕಲಿಸಿದ್ರೆ ಬರಲ್ಲ.” ಮನೋರಮಾ ತಲೆ ತಗ್ಗಿಸಿ ಮಜ್ಜಿಗೆ ಬಡಿಸುವಳು. ಈಗಲೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ಅಡುಗೆ ಶಾಲೆಯ ಮಾತು ಬಂದಾಗ ವಿಜಯಮ್ಮ ಸೊಸೆಯನ್ನು ದೀಪದ ಮುಂದೆ ನಿಲ್ಲಿಸಿದರು. “ಹೋಗು, ಬೇಡ ಅನ್ನಲ್ಲ. ಅಲ್ಲಿ ಏನು ಬೇಕಾದ್ರೂ ಬೇಯಿಸು. ಆದ್ರೆ ಒಲೆ ಮೇಲಿರೋದನ್ನ ಬಾಯಿಗೆ ಹಾಕಲ್ಲ ಅಂತ ಮಾತು ಕೊಡು. ಆ ಚಟ ಅಲ್ಲಿ ಅಂಟಿಸ್ಕೊಂಡು ಬಂದು ಇಲ್ಲಿ ನನ್ನ ದೇವರ ಅಡುಗೆಗೆ ಕೈ ಹಾಕೋದು ಬೇಡ.” ಈ ಪುಣ್ಯಾತ್ಗಿತ್ತಿ ಮಾತು ಕೊಟ್ಟಳು. ಅಷ್ಟೇ ಅಲ್ಲ, ಉಳಿಸಿಕೊಳ್ಳುವ ಯೋಚನೆಯನ್ನೂ ಮಾಡಿದಳು.

ಶಾಲೆಯಲ್ಲಿ ಅವರ ತರಗತಿಗೆ ಮೇಷ್ಟ್ರು ಶೆಫ್ ಭಸೀನ್ ಎಂಬ ಪಂಜಾಬಿ. ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿ ಬಂದವರು, ಮೀಸೆ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ಮೊದಲ ದಿನವೇ ಎಲ್ಲರ ಕೋಟಿನ ತೋಳಿನ ಜೇಬಿಗೆ ಚಮಚಗಳನ್ನು ಸಿಕ್ಕಿಸಿ, ಇವು ನಿಮ್ಮ ಕಣ್ಣು, ಇವಿಲ್ಲದೆ ನೀವು ಕುರುಡರು ಎಂದು ಭಾಷಣ ಮಾಡಿದರಂತೆ. ಬೇಯುವಾಗ ನೋಡು, ಬೆಂದ ಮೇಲೆ ನೋಡು, ತಟ್ಟೆಗೆ ಹಾಕುವ ಮುಂಚೆ ಮತ್ತೆ ನೋಡು. ಪ್ರತಿ ಸಲ ಬೇರೆ ಚಮಚ. ಉಪ್ಪು ನೋಡದೆ ತಟ್ಟೆ ಕಳಿಸಿದವರು ಅಡುಗೆಯವರಲ್ಲ, ಜೂಜುಕೋರರು. ಮೊದಲ ವಾರದಲ್ಲೇ ಮನೋರಮಾ ಸಿಕ್ಕಿಬಿದ್ದಳು.

“ಮನೋರಮಾಜೀ, ಚಖಾ?” ಎಂದು ಕೇಳಿದರು. ರುಚಿ ನೋಡಿದಿರಾ ಅಂತ.

“ನಹೀ ಸರ್” ಎಂದಳು ಸತ್ಯಸಂಧೆ.

ಅವರು ಇಡೀ ಪಾತ್ರೆಯನ್ನು ಅವಳ ಕಣ್ಣೆದುರೇ ಸಿಂಕಿಗೆ ಸುರಿದರು. ಇನ್ನೊಂದು ಸಲ ಹೀಗಾದರೆ ತರಗತಿಗೆ ಬರುವುದು ಬೇಡ ಎಂದರು. ಅಂದು ಸಂಜೆ ಅವಳು ನೇರ ನನ್ನ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಅತ್ತಳು.

“ಅತ್ತೆಗೆ ಸುಳ್ಳು ಹೇಳು, ಮುಗೀತು” ಎಂದೆ. “ಅಲ್ಲಿ ಬೇಕಾದಷ್ಟು ನೆಕ್ಕು. ಇಲ್ಲಿ ಬಂದು ಇಲ್ಲ ಅನ್ನು. ನಿಮ್ಮತ್ತೆ ಏನು ಮೆಟ್ರೋ ಹತ್ತಿ ಬಂದು ನೋಡ್ತಾರಾ?”

“ಆಗಲ್ಲ ಗಿರಿಜಕ್ಕ. ದಿನಾ ಸಂಜೆ ದೀಪ ಹಚ್ಚಿ ಕೇಳ್ತಾರೆ, ಬಾಯಿಗೆ ಹಾಕ್ಲಿಲ್ಲ ತಾನೇ ಅಂತ. ಅವರ ಮುಖ ನೋಡಿದ್ರೆ ನಂಗೆ ಸುಳ್ಳು ಬರಲ್ಲ. ಇನ್ನೊಂದು ಹೇಳ್ಲಾ, ಮಾತು ಕೊಡದಿದ್ರೂ ನಂಗೆ ಆಗ್ತಿರ್ಲಿಲ್ಲ. ಚಮಚ ತುಟಿವರೆಗೂ ಬರುತ್ತೆ, ಆಮೇಲೆ ಕೈ ನಿಂತುಬಿಡುತ್ತೆ. ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ.”

“ಸರಿ, ಹಾಗಾದ್ರೆ ಶೆಫ್‌ಗೆ ಹೇಳು ಸುಳ್ಳು. ಆ ಮನುಷ್ಯನ ಮುಂದೆ ದೀಪ ಇರಲ್ಲವಲ್ಲ?”

ಅವಳು ಯೋಚಿಸಿದಳು. ಆ ಮೀಸೆಗೆ ಸುಳ್ಳು ಹೇಳಲು ಅವಳ ಮನಸ್ಸು ಅಷ್ಟಾಗಿ ಅಡ್ಡಿ ಮಾಡಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ತಿಳಿಸಾರಿನ ಪಾತ್ರೆ ಇಟ್ಟುಕೊಂಡು ಬೀರುವಿನ ಕನ್ನಡಿಯ ಮುಂದೆ ಅವಳನ್ನು ನಿಲ್ಲಿಸಿದೆ. ಬಲಗೈಯಲ್ಲಿ ಒಂದು ಚಮಚ, ಎಡಗೈಯಲ್ಲಿ ಇನ್ನೊಂದು. ಬಲಗೈಯದು ಸಾರಿಗೆ, ಎಡಗೈಯದು ಬಾಯಿಗೆ. ಅದ್ದಿದ ಚಮಚ ಸದ್ದಿಲ್ಲದೆ ಕೆಳಗಿಳಿಯಬೇಕು, ಒಣ ಚಮಚ ಠೀವಿಯಿಂದ ಬಾಯಿಗೆ ಹೋಗಬೇಕು. ಮೊದಲು ಎರಡನ್ನೂ ಗಲಿಬಿಲಿ ಮಾಡಿಕೊಂಡು ಸಾರನ್ನು ಸೀರೆಯ ಮೇಲೆ ಚೆಲ್ಲಿಕೊಂಡಳು. ನಮ್ಮವರು ಆಫೀಸಿನಿಂದ ಬಂದವರು ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿ, ಏನೂ ಕೇಳದೆ ಒಳಗೆ ಹೋದರು. ನನ್ನ ಜೊತೆ ಬಾಳಿ ಬಾಳಿ ಅವರಿಗೆ ಆ ಬುದ್ಧಿ ಬಂದಿದೆ. ನಾಲ್ಕಾರು ದಿನಗಳಲ್ಲಿ ಅವಳ ಕೈ ಎಷ್ಟು ಚುರುಕಾಯಿತೆಂದರೆ, ಎದುರಿಗೆ ಕೂತ ನನಗೇ ಯಾವ ಚಮಚ ಎಲ್ಲಿ ಹೋಯಿತೆಂದು ತಿಳಿಯುತ್ತಿರಲಿಲ್ಲ.

ಆದರೆ ಉಪ್ಪು? ನಟನೆಯಿಂದ ಉಪ್ಪು ಸರಿಹೋಗುವುದಿಲ್ಲವಲ್ಲ. ಅದಕ್ಕೆ ದೇವರು ಧಾರಿಣಿಯನ್ನು ಕಳಿಸಿದ. ಗುರುಗ್ರಾಮದ ಐಟಿ ಕೆಲಸ ಬಿಟ್ಟು ಅಡುಗೆ ಕಲಿಯಲು ಬಂದಿದ್ದ ಹುಡುಗಿ. ಅಪ್ಪ ಅಮ್ಮ ಧಾರವಾಡದವರು, ಹುಟ್ಟಿ ಬೆಳೆದದ್ದು ಫರೀದಾಬಾದ್. ಇಬ್ಬರಿಗೂ ಒಂದೇ ಒಲೆ. ಮನೋರಮಾಳ ಚಮಚದಾಟವನ್ನು ಅವಳು ಎರಡನೆಯ ದಿನವೇ ಹಿಡಿದಳು. ಹಿಡಿದು, ನಕ್ಕು, ಪಾಲುದಾರಳಾದಳು.

“ಆಂಟಿ, ಟೆನ್ಷನ್ ಮತ್ ಲೋ. ನಾನು ಚಖ್ ಮಾಡಿ ಹೇಳ್ತೀನಿ ನಾ. ನಮಕ್ ಕಮ್ ಇದ್ರೆ ಕೆಮ್ತೀನಿ, ಜ್ಯಾದಾ ಇದ್ರೆ ಸೀನ್ತೀನಿ. ಚಲೋ, ಡೀಲ್?” ಎಂದಳು ಅರೆಗನ್ನಡದಲ್ಲಿ. ಉಪ್ಪು ಕಡಿಮೆಯಾದರೆ ಕೆಮ್ಮು, ಹೆಚ್ಚಾದರೆ ಸೀನು.

ಆ ವರ್ಷದ ಚಳಿಗಾಲ ಧಾರಿಣಿ ಕೆಮ್ಮಿದ್ದಕ್ಕೂ ಸೀನಿದ್ದಕ್ಕೂ ಲೆಕ್ಕವಿಲ್ಲ. ದೆಹಲಿಯ ಹೊಗೆ ಹೊಣೆ ಹೊತ್ತುಕೊಂಡಿತು. ಶೆಫ್ ಭಸೀನ್ ಅವಳಿಗೆ ಜೇನು, ಶುಂಠಿ ತಂದುಕೊಟ್ಟು ಮಾಸ್ಕ್ ಹಾಕಿಸಿದರು. ಮಾಸ್ಕಿನೊಳಗಿಂದಲೂ ಅವಳು ಕರ್ತವ್ಯ ಮರೆಯಲಿಲ್ಲ.

ಇತ್ತ ಮನೋರಮಾಳ ಕೀರ್ತಿ ಏರತೊಡಗಿತು. ಸುಳ್ಳನ್ನು ಮುಚ್ಚಲು ಅವಳು ಅಭಿನಯವನ್ನು ಹೆಚ್ಚಿಸಿದ್ದಳು. ಒಣ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚುವಳು, ಧಾರಿಣಿ ಕೆಮ್ಮುವಳೋ ಸೀನುವಳೋ ಎಂದು ಕಾಯುವಳು, ಆಮೇಲೆ ನಿಧಾನವಾಗಿ ತಲೆಯಾಡಿಸಿ ಒಂದು ಚಿಟಿಕೆ ಉಪ್ಪು ಉದುರಿಸುವಳು. ಕಾಯುವ ಆ ಹೊತ್ತನ್ನು ಶೆಫ್ ಧ್ಯಾನವೆಂದು ತಿಳಿದರು. “ನೋಡಿ, ಕಲಿಯಿರಿ! ಆತುರವಿಲ್ಲ. ನಾಲಿಗೆಗೆ ಯೋಚಿಸಲು ಸಮಯ ಕೊಡುತ್ತಾರೆ!” ಎಂದು ತರಗತಿಗೆಲ್ಲ ಹಿಂದಿಯಲ್ಲಿ ಸಾರಿದರು. ಹೊಸ ತಂಡ ಬಂದಾಗ ರುಚಿ ನೋಡುವುದು ಹೇಗೆಂದು ತೋರಿಸಲು ಇವಳನ್ನೇ ಕರೆದರು. ಇಪ್ಪತ್ತರ ಹುಡುಗ ಹುಡುಗಿಯರು ಸಾಲಾಗಿ ನಿಂತು, ಖಾಲಿ ಚಮಚ ಚೀಪುವ ಹೆಂಗಸನ್ನು ನೋಡಿ ಟಿಪ್ಪಣಿ ಬರೆದುಕೊಂಡರಂತೆ. ಅದನ್ನು ಕೇಳಿ ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

“ನಗ್ಬೇಡಿ ಗಿರಿಜಕ್ಕ, ನಂಗೆ ಭಯ ಆಗುತ್ತೆ. ಕೊನೇ ಪರೀಕ್ಷೆಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಒಲೆ. ಧಾರಿಣಿ ಎಲ್ಲೋ, ನಾನೆಲ್ಲೋ” ಎಂದಳು.

ಭಯಕ್ಕೆ ಇನ್ನೊಂದು ಕಾರಣವೂ ಬಂದು ಸೇರಿತು. ಕೊನೆಯ ಪರೀಕ್ಷೆಗೆ ಮನೆಯವರನ್ನು ಊಟಕ್ಕೆ ಕರೆಯುವುದು ಆ ಶಾಲೆಯ ರೂಢಿ. ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಬರೀ ಗಾಜಿನ ಗೋಡೆ. ಮಕ್ಕಳು ಬೇಯಿಸುವುದನ್ನು ಮನೆಯವರು ಕೂತು ನೋಡಬಹುದು. ಮನೋರಮಾ ಈ ವಿಷಯ ಮುಚ್ಚಿಡಬಹುದಿತ್ತು. ಮುಚ್ಚಿಟ್ಟರೆ ಅವಳು ಮನೋರಮಾ ಹೇಗಾದಾಳು? ಊಟಕ್ಕೆ ಕೂತಾಗ ಹೇಳಿಯೇಬಿಟ್ಟಳು. ಕೇಶವಮೂರ್ತಿಗಳು ಸಂಸತ್ತಿನ ಅಧಿವೇಶನವೆಂದು ತಪ್ಪಿಸಿಕೊಂಡರು. “ನಾನು ಬರ್ತೀನಿ” ಎಂದರು ವಿಜಯಮ್ಮ. ಮೊಮ್ಮಗಳ ಕಾಲೇಜಿಗೂ ಹೋಗದ ಹೆಂಗಸು! ಅವರು ಹೊರಟದ್ದು ಊಟಕ್ಕಲ್ಲ, ತಪಾಸಣೆಗೆ. ಉಳಿದ ಇನ್ನೊಂದು ಆಹ್ವಾನಕ್ಕೆ ನಾನು ಹೊರಟೆ. ಇಂಥದ್ದನ್ನು ಬಿಟ್ಟು ಮನೆಯಲ್ಲಿ ಕೂರಲು ನಾನೇನು ಸನ್ಯಾಸಿಯೇ?

ಹಾಲು ದೊಡ್ಡ ಹೋಟೆಲಿನ ಹಾಗಿತ್ತು. ವಿಜಯಮ್ಮ ಜರಿಯಂಚಿನ ಸೀರೆಯುಟ್ಟು, ಮನೆಯ ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು, ಗಾಜಿಗೆ ತೀರ ಹತ್ತಿರದ ಮೇಜನ್ನೇ ಹಿಡಿದರು. ಒಳಗೆ ಬಿಳಿ ಕೋಟು, ಬಿಳಿ ಟೋಪಿಯಲ್ಲಿ ಮನೋರಮಾ. ಚೀಟಿ ಎತ್ತಿಸಿ ಅವಳಿಗೆ ಕೊಟ್ಟದ್ದು ಈರುಳ್ಳಿ ಸೂಪು. ಧಾರಿಣಿ ಆ ತುದಿಯ ಒಲೆಯಲ್ಲಿ. ಅಲ್ಲಿಂದ ಕೆಮ್ಮಿದರೂ ಪ್ರಯೋಜನವಿಲ್ಲ, ಮನೋರಮಾಳ ಪಾತ್ರೆಗೆ ಅವಳ ಚಮಚ ಮುಟ್ಟದು.

ಅಷ್ಟರಲ್ಲಿ ಶೆಫ್ ಭಸೀನ್ ಹೊರಬಂದು ವಿಜಯಮ್ಮನವರ ಕಾಲಿಗೆ ಕೈ ಮುಟ್ಟಿಸಿದರು. ಅದೇನು ಪ್ರೀತಿಯೋ, ತುಂಬಿದ ಹಾಲಿನಲ್ಲಿ ಎಲ್ಲರಿಗೂ ಕೇಳುವಂತೆ, “ಮಾತಾಜೀ, ಆಪ್ ಕೀ ಬಹೂ ಜೈಸಾ ಚಖ್‌ನೇವಾಲಾ ಮೈನೇ ಪ್ಯಾರಿಸ್ ಮೇ ಭೀ ನಹೀ ದೇಖಾ!” ಎಂದರು. ನಿಮ್ಮ ಸೊಸೆಯ ಹಾಗೆ ರುಚಿ ನೋಡುವವರನ್ನು ಪ್ಯಾರಿಸ್ಸಿನಲ್ಲೂ ಕಂಡಿಲ್ಲ ಅಂತ.

“ಏನಂದ?” ಎಂದರು ವಿಜಯಮ್ಮ ನನ್ನ ಕಡೆ ತಿರುಗಿ.

“ನಿಮ್ಮ ಸೊಸೆಯಷ್ಟು ಚೊಕ್ಕಟವಾಗಿ ಕೆಲಸ ಮಾಡೋರು ಪ್ಯಾರಿಸ್‌ನಲ್ಲೂ ಇಲ್ಲವಂತೆ” ಎಂದೆ, ರೆಪ್ಪೆ ಮಿಟುಕಿಸದೆ.

“ಚಖ್‌ನಾ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಈ ಊರಲ್ಲಿ ದ್ರಾಕ್ಷಿ ಮಾರೋ ಭಯ್ಯಾನ ಹತ್ರ ಬಾಯಿಗೆ ಹಾಕದೆ ನಾನು ಯಾವತ್ತು ವ್ಯಾಪಾರ ಮಾಡಿದೀನಿ?” ಎಂದವರೇ ಗಾಜಿನ ಕಡೆ ತಿರುಗಿದರು. ಆ ನೋಟ ನೋಡಿ ನಾನು ಸುಮ್ಮನಾದೆ. ನನ್ನ ಬಾಯಿ ಮುಚ್ಚಿದ್ದು ಆ ವರ್ಷದಲ್ಲಿ ಅದೊಂದೇ ಸಲ.

ಮನೋರಮಾ ತಲೆಯೆತ್ತಿದಾಗ ಅತ್ತೆಯ ಮುಖ ಕಂಡಿತು. ಅವಳ ಕೈ ಉಪ್ಪಿನ ಬಟ್ಟಲಿನ ಮೇಲೆ ತಡೆಯಿತು. ಅವಳ ಕಣ್ಣು ಪಾತ್ರೆಗೆ, ಬಟ್ಟಲಿಗೆ, ಮತ್ತೆ ಪಾತ್ರೆಗೆ ಓಡಾಡಿದ್ದು ನೋಡಿ ಏನಾಗಿದೆಯೆಂದು ನನಗೆ ಥಟ್ಟನೆ ಹೊಳೆಯಿತು. ಒಲೆ ಮುಂದೆ ನಿಂತ ಯಾವ ಹೆಂಗಸಿಗೆ ಹೊಳೆಯುವುದಿಲ್ಲ! ಉಪ್ಪು ಹಾಕಿದೆನೋ, ಇಲ್ಲವೋ? ಹಾಕಿದ್ದರೆ ಇನ್ನೊಮ್ಮೆ ಹಾಕುವಂತಿಲ್ಲ. ಹಾಕಿಲ್ಲದಿದ್ದರೆ ಹಾಗೇ ಕಳಿಸುವಂತಿಲ್ಲ. ಪಕ್ಕದಲ್ಲೇ ಪರೀಕ್ಷಕಿ, ಫ್ರಾನ್ಸಿನಿಂದ ಬಂದ ಎತ್ತರದ ಹೆಂಗಸು, ಕೈಕಟ್ಟಿ ನಿಂತಿದ್ದಳು. ಒಣ ಚಮಚವನ್ನು ಎಷ್ಟು ಠೀವಿಯಿಂದ ಚೀಪಿದರೂ ಅದು ಈ ಪ್ರಶ್ನೆಗೆ ಉತ್ತರ ಹೇಳದು. ಸೂಪು ಕೆಟ್ಟರೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಹಾಸನ.

ಅವಳು ಚಮಚ ಅದ್ದಿದಳು. ತುಟಿಯವರೆಗೆ ತಂದಳು. ಅಲ್ಲೇ ನಿಲ್ಲಿಸಿ ಅತ್ತೆಯನ್ನು ನೋಡಿದಳು.

“ಯಾಕೆ ಹಾಗೆ ನಿಂತ್ಲು?” ಎಂದರು ವಿಜಯಮ್ಮ.

ನನಗೆ ರೇಗಿಹೋಯಿತು. “ಉಪ್ಪು ಹಾಕಿದ್ಳೋ ಇಲ್ವೋ ಮರೆತಿದಾಳೆ. ನೋಡಿದ್ರೆ ನಿಮಗೆ ಕೊಟ್ಟ ಮಾತು ಹೋಗುತ್ತೆ, ನೋಡದಿದ್ರೆ ಪರೀಕ್ಷೆ ಹೋಗುತ್ತೆ. ಇಷ್ಟು ತಿಂಗಳಿಂದ ಒಂದು ಹನಿ ಬಾಯಿಗೆ ಹಾಕಿಲ್ಲ ಅವಳು. ಮೇಷ್ಟ್ರ ಮುಂದೆ ಬರೀ ನಾಟಕ. ನಿಮ್ಮ ಮಾತಿಗೆ ಬೆಲೆ ಕೊಟ್ಟು!”

ವಿಜಯಮ್ಮ ನನ್ನನ್ನು ನೋಡಿದರು. “ನಿಜವಾಗ್ಲೂ ಒಂದು ಸಲಾನೂ ನೋಡಿಲ್ವಾ?”

“ಇಲ್ಲ.”

“ಮನೇಲೂ?”

“ನಿಮ್ಮ ಸೊಸೆ ನಿಮಗೆ ಗೊತ್ತಿಲ್ವಾ?”

“ದಡ್ಡಿ” ಎಂದರು ವಿಜಯಮ್ಮ, ಗಾಜಿನ ಕಡೆ ನೋಡುತ್ತ. “ಎಂಥಾ ದಡ್ಡಿ!”

ಆಮೇಲೆ ನಡೆದದ್ದನ್ನು ನನ್ನ ಎರಡು ಕಣ್ಣಿನಿಂದ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ. ವಿಜಯಮ್ಮ ಎದ್ದು ಗಾಜಿನ ಹತ್ತಿರ ಹೋದರು. ಸೊಸೆ ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡರು. ಬಲಗೈಯಿಂದ ಇಲ್ಲದ ಸೌಟನ್ನು ಎತ್ತಿ, ಬೊಗಸೆ ಮಾಡಿದ ಎಡ ಅಂಗೈಗೆ ಒಂದು ತೊಟ್ಟು ಬಗ್ಗಿಸಿ, ಗಕ್ಕನೆ ಗೋಡೆಯ ಕಡೆ ಮುಖ ತಿರುಗಿಸಿ ನೆಕ್ಕಿ, ಅದೇ ಓಘದಲ್ಲಿ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಮುಂದೆ ತಿರುಗಿದರು. ಮುಖದಲ್ಲಿ ಏನೂ ಆಗದ ಭಾವ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಇಂದು ಹೊಸದಾಗಿ ತೋರಿಸುವವರಿಗೆ ಆ ನಯ ಬರುವುದಿಲ್ಲ. ಅದು ಹೊಸ ಸೊಸೆಯಾಗಿದ್ದಾಗಿನಿಂದ ದಿನಾ ಮಾಡಿದವರ ಕೈ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ದೆಹಲಿ ಕನ್ನಡಿಗರೆಲ್ಲ ಹೊಗಳಿದ ಕೈ ಅಳತೆ, ಕಲಿಸಿದರೂ ಬಾರದ ಕೈಗುಣ, ಎಲ್ಲ ಆ ಅಂಗೈಯಗಲದಲ್ಲಿತ್ತು. ಗಾಜಿನ ಈಚೆಗೆ, ರುಚಿ ನೋಡಿಯೂ ನೋಡಿಲ್ಲವೆಂದು ಬಾಳಿದ ಅತ್ತೆ. ಆಚೆಗೆ, ನೋಡದೆಯೇ ನೋಡಿದೆನೆಂದು ಹೆಸರು ಮಾಡಿದ ಸೊಸೆ. ಇಬ್ಬರು ಕಳ್ಳಿಯರು ಮುಖಾಮುಖಿ ನಿಂತಿದ್ದರು.

ಮನೋರಮಾಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಅವಳು ಚಮಚವನ್ನು ಕೆಳಗಿಟ್ಟಳು. ಸೌಟು ಎತ್ತಿ, ಆ ಫ್ರೆಂಚ್ ಹೆಂಗಸಿನ ಎದುರಿಗೇ, ಅಂಗೈಗೆ ಸೂಪು ಸುರಿದುಕೊಂಡು ನೆಕ್ಕಿದಳು. ಗೋಡೆಯ ಕಡೆ ತಿರುಗಲಿಲ್ಲ. ಶೆಫ್ ಭಸೀನ್ ಹಣೆ ಹಣೆ ಚಚ್ಚಿಕೊಂಡರು. ಮನೋರಮಾ ಸೋಪು ಹಾಕಿ ಕೈ ತೊಳೆದು ಬಂದು, ದೊಡ್ಡ ಚಿಟಿಕೆ ಉಪ್ಪು ಹಾಕಿದಳು. ಆಮೇಲೆ ಶಾಲೆಯ ಪದ್ಧತಿಯಂತೆ ಶುದ್ಧ ಚಮಚದಲ್ಲಿ ಇನ್ನೊಮ್ಮೆ ನೋಡಿದಳು, ಮತ್ತೂ ಒಮ್ಮೆ ನೋಡಿದಳು. ಬೇಕಾಗಿ ನೋಡಿದ್ದಲ್ಲ, ಆಸೆಗೆ ನೋಡಿದ್ದು. ಅದು ಗಾಜಿನಾಚೆಗೂ ತಿಳಿಯುತ್ತಿತ್ತು.

ಅಂಗೈ ನೆಕ್ಕಿದ್ದಕ್ಕೆ ಶುಚಿತ್ವದಲ್ಲಿ ಅಂಕ ಕಳೆದರು. ಸೂಪಿಗೆ ಎಷ್ಟು ಕೊಟ್ಟರೆಂದರೆ ಕಳೆದದ್ದು ಲೆಕ್ಕಕ್ಕೆ ಬರಲಿಲ್ಲ. ಪಾಸಾದಳು.

ವಾಪಸು ಬರುವಾಗ ಟ್ಯಾಕ್ಸಿ ಹೈವೇಯ ಜಾಮಿನಲ್ಲಿ ಸಿಕ್ಕಿಕೊಂಡಿತು. ಮುಂದಿನ ಸೀಟಿನಲ್ಲಿ ನಾನು, ಹಿಂದೆ ಅವರಿಬ್ಬರು. ಅಲ್ಲಿ ಮನೋರಮಾ ಬಾಯಿಬಿಟ್ಟಳು. ಅವಳು ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಬಂದೋರೆಲ್ಲರ ಮುಂದೆ ಕೈ ಅಳತೆ ಇಲ್ಲ ಅಂದ್ರಲ್ಲ ಅತ್ತೆ. ನಾನು ರಾತ್ರಿ ಮಲಗಿದಾಗ ನನ್ನ ಕೈಯನ್ನೇ ಬೈಕೋತಿದ್ದೆ. ನಿಮ್ಮ ಕೈ ಅಳತೆ ಇದೇನಾ?”

“ಕೂಗ್ಬೇಡ್ವೇ. ಡ್ರೈವರ್ ಇದಾನೆ.”

“ಅವನಿಗೆ ಕನ್ನಡ ಬರಲ್ಲ.”

“ಅಳು ಅರ್ಥ ಆಗಕ್ಕೆ ಕನ್ನಡ ಬೇಕಾ?” ಎಂದು ವಿಜಯಮ್ಮ ತಮ್ಮ ಕರವಸ್ತ್ರ ಕೊಟ್ಟರು. ಮನೋರಮಾ ತೆಗೆದುಕೊಳ್ಳಲಿಲ್ಲ. ವಿಜಯಮ್ಮ ಅದನ್ನು ಮಡಿಸುತ್ತ ಬಿಚ್ಚುತ್ತ ಹೇಳಿದರು: “ನಮ್ಮತ್ತೇನೂ ನಂಗೆ ಹೇಳಿಕೊಡಲಿಲ್ಲ. ಬಾಗಿಲ ಸಂದಿಯಿಂದ ನೋಡಿ ಕಲ್ತೆ. ಎಲ್ಲ ಸೊಸೇರೂ ಹಾಗೇ ಕಲಿಯೋದು. ನೀನೂ ಕಲ್ತಿರ್ತೀಯ ಅಂದ್ಕೊಂಡೆ. ಹೇಳಿದ್ದನ್ನ ಹೇಳಿದ ಹಾಗೇ ನಂಬೋ ಸೊಸೆ ಬರ್ತಾಳೆ ಅಂತ ನಂಗೇನು ಕನಸಾ?”

“ನನ್ನ ಸಾರು ಸಪ್ಪೆ ಇದ್ದಾಗ ನಿಮಗೆ ಗೊತ್ತಾಗ್ಲಿಲ್ವಾ, ಇವಳು ನೋಡ್ತಿಲ್ಲ ಅಂತ?”

ಮುಂದಿನ ಲಾರಿ ಸ್ವಲ್ಪ ಸರಿಯಿತು, ನಮ್ಮ ಟ್ಯಾಕ್ಸಿಯೂ ಸರಿಯಿತು.

“ಆಮೇಲಾಮೇಲೆ ಅನುಮಾನ ಬಂತು” ಎಂದರು ವಿಜಯಮ್ಮ. “ಹೇಳಿದ್ರೆ ನಿನ್ನ ಸಾರೂ ನನ್ನ ಸಾರಿನ ಹಾಗೇ ಆಗ್ತಿತ್ತು. ಆಮೇಲೆ ಆ ಮನೇಲಿ ನಾನ್ಯಾಕೆ?”

ಮನೋರಮಾ ಅವರ ಕೈಯಿಂದ ಕರವಸ್ತ್ರ ಕಿತ್ತುಕೊಂಡು ಮೂಗು ಒರೆಸಿಕೊಂಡಳು. ನಾನು ಮುಂದೆ ನೋಡುತ್ತ ಕೂತೆ. ಆ ಮುದುಕಿಯ ಮೇಲೆ ನನ್ನಂಥವಳಿಗೆ ಕನಿಕರ ಬಂತಲ್ಲ ಎಂದು ಸಿಟ್ಟು ಬಂತು.

ಮನೆ ಸೇರುವಾಗ ವಿಜಯಮ್ಮ ಮೆಟ್ಟಿಲ ಬಳಿ ನಿಂತು, “ಕೇಶವಂಗೆ ಹೇಳ್ಬೇಡ. ಪಾಪ, ಅಮ್ಮನ ಕೈ ಅಂತ ನಂಬ್ಕೊಂಡಿದಾನೆ” ಎಂದರು. ಅವರು ಮೇಲೆ ಹೋದದ್ದೇ ತಡ, ನಾನು ಮನೋರಮಾಳ ರಟ್ಟೆ ಹಿಡಿದೆ.

“ಜುಟ್ಟು ಕೈಗೆ ಸಿಕ್ಕಿದೆ, ಬಿಡಬೇಡ! ಹಾಸನ ಬೇಡ ಅಂತ ನೀವೇ ಮಗನಿಗೆ ಹೇಳಿ, ಇಲ್ಲಾಂದ್ರೆ ನಾನು ಅಂಗೈ ವಿಷಯ ಹೇಳ್ತೀನಿ ಅನ್ನು. ಒಂದೇ ಮಾತು. ನಾನಾಗಿದ್ರೆ ಟ್ಯಾಕ್ಸಿಲೇ ಬರೆಸ್ಕೊಂಡುಬಿಡ್ತಿದ್ದೆ.”

“ಹೋಗ್ಲಿ ಬಿಡಿ ಗಿರಿಜಕ್ಕ. ಅದೊಂದೇ ಅವರ ಆಸ್ತಿ” ಎಂದಳು. ಇವಳಿಗೆ ನಾನು ಕಲಿಸಿದ್ದೆಲ್ಲ ನೀರಿನಲ್ಲಿ ಹೋಮ!

ಗುರುಗ್ರಾಮದ ಹೋಟೆಲಿನಿಂದ ಫೋನು ಬಂತು, ಮುಂದಿನ ತಿಂಗಳಿಂದ ಬೆಳಗಿನ ಕಿಚನ್ನಿಗೆ ಬನ್ನಿ ಎಂದು. ಅದರ ಮರುದಿನ ಭಾನುವಾರ. ನಮ್ಮಿಬ್ಬರನ್ನೂ ಮಧ್ಯಾಹ್ನ ಊಟಕ್ಕೆ ಕರೆದಿದ್ದರು. ಕೇಶವಮೂರ್ತಿಗಳು ಉತ್ಸಾಹದಲ್ಲಿದ್ದರು. ಹಾಸನದ ಬಾಡಿಗೆಯವರಿಗೆ ಮನೆ ಖಾಲಿ ಮಾಡಲು ಹೇಳಿದ್ದಾಯಿತಂತೆ.

“ಹೋಟೆಲಿನೋರು ಕರೆದಿದ್ದು ಸಂತೋಷವೇ. ಆದ್ರೆ ಅಮ್ಮ ಹಾಸನಕ್ಕೆ ಹೊರಟಾಗ ನಾವಿಲ್ಲಿ ಕೂರಕ್ಕಾಗುತ್ತಾ? ನೀವೇ ಹೇಳಿ ಈಶ್ವರಪ್ಪನೋರೆ” ಎಂದರು. ನಮ್ಮವರು ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡರು. ಮನೋರಮಾ ಹುಳಿ ಬಡಿಸಿದಳು. ಅವಳ ಕಣ್ಣು ಕೆಂಪಾಗಿತ್ತು. ನಾನು ಮೇಜಿನ ಕೆಳಗಿಂದ ಅವಳ ಕಾಲು ತುಳಿದೆ. ಹೇಳೇ, ಈಗಲಾದರೂ ಹೇಳೇ. ಅವಳು ಕಾಲು ಎಳೆದುಕೊಂಡಳು.

ಕೇಶವಮೂರ್ತಿಗಳು ಹುಳಿಯನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಅಗಿಯುತ್ತಿದ್ದವರು ನಿಲ್ಲಿಸಿದರು. ಇನ್ನೊಂದು ತುತ್ತು ತಿಂದರು. ಅವರ ಮುಖ ಅರಳಿತು.

“ಅಮ್ಮಾ! ಇವತ್ತು ನೀನು ಮಾಡಿದ್ದಾ? ಎಷ್ಟು ದಿನ ಆಗಿತ್ತು ನಿನ್ನ ಕೈ ಹುಳಿ ತಿಂದು!”

ಹೌದು ಎಂದುಬಿಟ್ಟರೆ ವಿಜಯಮ್ಮನವರ ಎಲ್ಲವೂ ಅವರ ಬಳಿಯೇ ಉಳಿಯುತ್ತಿತ್ತು: ಹೆಸರು, ಮಗ, ಹಾಸನ. ಮನೋರಮಾ ಅಲ್ಲವೆನ್ನುತ್ತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಅವರು ಸೊಸೆಯನ್ನು ನೋಡಿದರು. ಸೊಸೆ ಹುಳಿಯ ಪಾತ್ರೆ ಹಿಡಿದು ನೆಲ ನೋಡುತ್ತಿದ್ದಳು.

“ನಾನಲ್ಲ ಕಣೋ. ಅವಳು” ಎಂದರು ವಿಜಯಮ್ಮ. “ಇನ್ನು ಮೇಲೆ ನನ್ನ ಕೈ, ಅವಳ ಕೈ ಅಂತ ಬೇರೆ ಬೇರೆ ಇಲ್ಲ. ಹಾಸನಕ್ಕೆ ಹೋಗೋದಾದ್ರೆ ನೀನು ಹೋಗಿ ಬಾ. ಅವಳಿಗೆ ಇಲ್ಲಿ ಕೆಲಸ ಇದೆ. ಕ್ವಾರ್ಟರ್ಸ್ ಬಿಟ್ಟ ಮೇಲೆ ಬಾಡಿಗೆ ಮನೇಲಾದ್ರೂ ನಾನು ಅವಳ ಜೊತೆ ಇರ್ತೀನಿ.”

“ಅಮ್ಮಾ, ನಿನಗೆ ದೆಹಲಿ ಆಗಲ್ಲ ಅಂತಿದ್ಯಲ್ಲ?”

“ನಿನ್ನ ಕೈ ಅಡುಗೆ ಇನ್ನೂ ಆಗಲ್ಲ. ಸುಮ್ನೆ ಊಟ ಮಾಡು.”

ಕೇಶವಮೂರ್ತಿಗಳು ಇಂಗು ತಿಂದ ಮಂಗನ ಹಾಗೆ ಒಬ್ಬೊಬ್ಬರ ಮುಖವನ್ನೇ ನೋಡಿದರು. ಮನೋರಮಾ ಅತ್ತೆಯ ಪಕ್ಕಕ್ಕೆ ಬಂದು ನಿಂತು, “ಇನ್ನೊಂದು ಸೌಟು ಹಾಕ್ಲಾ ಅತ್ತೆ?” ಎಂದು ಕೇಳಿದಳು.

“ಹಾಕು” ಎಂದರು ವಿಜಯಮ್ಮ. “ಕೇಳೋಣ ಅಂತಿದ್ದೆ.”